ಕೆರೆ ಕೊನೆಗೆ

ನನ್ನ ಹೊಲಿಗೆ ಯಂತ್ರ ಬೀದಿ ಕಡೆಯ ಕಿಟಕಿಗೆ ಒತ್ತಿಕೊಂಡೇ ಇದೆ. ಕಂಡವರ ವಿಷಯಕ್ಕೆ ಮೂಗು ತೂರಿಸಲು ಅನುಕೂಲವಾಗಲಿ ಎಂದು ಅಲ್ಲಿ ಇಟ್ಟುಕೊಂಡಿದ್ದೇನೆ ಎಂದು ನನ್ನ ಗಂಡ ಹಂಗಿಸುತ್ತಾನೆ. ಮೂಗು ತೂರಿಸುತ್ತೇನೆ, ಅದೇನೂ ಸುಳ್ಳಲ್ಲ. ಆದರೆ ಯಂತ್ರ ಅಲ್ಲಿರುವುದು ಬೆಳಕಿಗಾಗಿ. ನಾನು ಪರದೆ ಹೊಲಿಯುವವಳು. ಕೆರೆ ಬದಿಯ ಈ ಬಡಾವಣೆಯಲ್ಲಿ ಆ ಕೆಲಸಕ್ಕೆ ಎಂದೂ ಬರವಿಲ್ಲ. ಕೆರೆ ಕಾಣಲೇಬೇಕು ಎಂದು ಜನ ಹಟ ಹಿಡಿದು ಮನೆ ಕೊಳ್ಳುತ್ತಾರೆ, ಕೊಂಡ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಅದೇ ಕಿಟಕಿಗೆ ದಪ್ಪ ಪರದೆ ಹಾಕಿಸುತ್ತಾರೆ. ದೇವರು ಇವರಿಗೆ ಹೆಚ್ಚು ಬುದ್ಧಿ ಕೊಡದಿರಲಿ, ನನ್ನ ಹೊಟ್ಟೆ ತುಂಬುವುದು ಅದರಿಂದಲೇ.

ಈ ಗಿರಾಕಿಗಳನ್ನು ನನಗೆ ಕರೆತರುತ್ತಿದ್ದವಳು ಪಕ್ಕದ ಮನೆಯ ಕೀಲಿಯಕ್ಕ. ಮನೆ ಮಾರಿಸುವುದು, ಕೊಡಿಸುವುದು ಅವಳ ಕಸುಬು. ಬೀಗ ಹಾಕಿದ ಮನೆಗಳ ಕೀಲಿಕೈ ಗೊಂಚಲು ಅವಳ ಹೆಗಲಚೀಲದಲ್ಲಿ ಸದಾ ಸದ್ದು ಮಾಡುತ್ತಿರುವುದರಿಂದ ಆ ಹೆಸರು ಬಂತು. ತಾಯಿತಂದೆ ಇಟ್ಟ ಹೆಸರನ್ನು ಬಹುಶಃ ಅವಳೇ ಮರೆತಿದ್ದಾಳೆ.

ಬೇರೆ ಬ್ರೋಕರುಗಳು ಬಾಗಿಲು ತೆಗೆದ ಕೂಡಲೇ ಗಿರಾಕಿಯನ್ನು ದರದರನೆ ಕೆರೆಯ ಕಿಟಕಿಯ ಹತ್ತಿರ ಎಳೆದೊಯ್ಯುತ್ತಾರೆ. ನೀರು ಕಂಡವನಿಗೆ ಗೋಡೆಯ ಬಿರುಕು ಕಾಣುತ್ತದೆಯೇ? ಕೀಲಿಯಕ್ಕನದು ಇದಕ್ಕೆ ತದ್ವಿರುದ್ಧ. ಮೊದಲು ಬಚ್ಚಲು. ಆಮೇಲೆ ಸೋರುವ ಮೂಲೆ, ಉಬ್ಬಿದ ಬಾಗಿಲು, ಬೆಳಿಗ್ಗೆ ಬೆಳಿಗ್ಗೆ ಜಗಳವಾಡುವ ಪಕ್ಕದ ಮನೆಯವರು. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆ ನಾರುತ್ತದೆ ಎನ್ನುವುದನ್ನೂ ಅವಳೇ ಬಾಯಿಬಿಟ್ಟು ಹೇಳುತ್ತಿದ್ದಳು. ಇಷ್ಟೆಲ್ಲ ಮುಗಿದ ಮೇಲೆ ಕಿಟಕಿ ತೆರೆಯುತ್ತಿದ್ದಳು. "ಕೆಟ್ಟದ್ದು ಮೊದಲು, ಕೆರೆ ಕೊನೆಗೆ. ಆಮೇಲೆ ಯಾರೂ ನನ್ನ ಮನೆ ಬಾಗಿಲಿಗೆ ಬಂದು ಶಾಪ ಹಾಕಬಾರದು ನೋಡು" ಎನ್ನುತ್ತಿದ್ದಳು. ಯಾರೂ ಹಾಕಲಿಲ್ಲ. ಇಲ್ಲಿನ ಅರ್ಧ ಬಡಾವಣೆ ಅವಳ ಮಾತು ನಂಬಿ ಮನೆ ಕೊಂಡಿದೆ.

ಊರಿಗೆಲ್ಲ ಮನೆ ಕೊಡಿಸಿದವಳು ಇದ್ದದ್ದು ಬಾಡಿಗೆ ಮನೆಯಲ್ಲಿ. ಜೊತೆಗೆ ಅತ್ತೆ. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಮಗನೇ ಇಲ್ಲದ ಮೇಲೆ ಸೊಸೆಗೇಕೆ ಅತ್ತೆಯ ಉಸಾಬರಿ ಎಂದು ನೆಂಟರಿಷ್ಟರು ಕೇಳಿದರಂತೆ. "ಗಂಡನ ಜೊತೆ ಸಂಸಾರ ಮಾಡಿದ್ದಕ್ಕಿಂತ ಇವರ ಜೊತೆ ಮಾಡಿದ್ದೇ ಜಾಸ್ತಿ, ಈಗ ಇವರನ್ನ ಬಿಟ್ಟು ಹೋದ್ರೆ ಅದನ್ನ ಡೈವೋರ್ಸ್ ಅಂತಾರೆ" ಎಂದು ಹೇಳಿ ಅವರ ಬಾಯಿ ಮುಚ್ಚಿಸಿದಳು. ಒಬ್ಬಳಿಗೆ ಅತ್ತೆಯಾಗಿ ಬಂದ ಆ ಹಿರಿಯರು ಈಗ ನಮ್ಮ ಬೀದಿಗೆಲ್ಲ ಅತ್ತೆ.

ಅತ್ತೆಯ ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದವು. ಪೊರೆಯಲ್ಲ, ನರದ ತೊಂದರೆ, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದರು ಡಾಕ್ಟರು. ಬೆಳಕಿದೆಯೋ ಕತ್ತಲಿದೆಯೋ ಎಂಬುದಷ್ಟೇ ಅವರಿಗೆ ತಿಳಿಯುತ್ತಿತ್ತು. ಆದರೂ ಆ ಮನೆಯೊಳಗೆ ಅವರು ಓಡಾಡುವುದನ್ನು ಕಂಡ ಹೊಸಬರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಅಂಗೈ ಗೋಡೆಗೆ ತಾಗಿಸಿಕೊಂಡು ಅಡುಗೆಮನೆಗೆ ಹೋಗಿ ಹಾಲು ಕಾಯಿಸುತ್ತಿದ್ದರು, ಬಚ್ಚಲಿಗೆ ಹೋಗುತ್ತಿದ್ದರು, ಕೆರೆಯ ಕಿಟಕಿಯ ಹತ್ತಿರದ ಕುರ್ಚಿಗೆ ಬಂದು ಕೂರುತ್ತಿದ್ದರು. ಕೈ ಸವರಿ ಸವರಿ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಮಸುಕು ಗೆರೆ ಮೂಡಿತ್ತು. ಅತ್ತೆಯ ರೋಡು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಸಾಯಂಕಾಲ ಕೀಲಿಗೊಂಚಲಿನ ಸದ್ದು ಕೇಳಿದರೆ ಅತ್ತೆಯ ಮುಖ ಅರಳುತ್ತಿತ್ತು. ನಮ್ಮ ಹಿತ್ತಿಲ ಜಗಲಿಗೂ ಅವರ ಕಿಟಕಿಗೂ ನಡುವೆ ಒಂದು ಕುಳ್ಳು ಗೋಡೆ ಮಾತ್ರ. ಅವರ ಮಾತು ನನಗೆ ಕೇಳಬಾರದು ಎಂದರೂ ಕೇಳುತ್ತಿತ್ತು.

"ಇವತ್ತು ಏನೇ ಕಾಣುತ್ತೆ?"

"ನೀರು ಕದಲ್ತಾನೇ ಇಲ್ಲ ಅತ್ತೆ, ಇಸ್ತ್ರಿ ಹಾಕಿದ ಹಾಗಿದೆ. ಎರಡು ಬಾತುಕೋಳಿ ಜಗಳ ಆಡ್ಕೊಂಡು ಒಂದು ಆ ಕಡೆ, ಒಂದು ಈ ಕಡೆ ಹೋಗ್ತಿವೆ."

"ಯಾವುದರದ್ದು ತಪ್ಪು?"

"ಗಂಡಿನದ್ದೇ ಇರ್ಬೇಕು."

"ಮತ್ತೆ!"

ಇಬ್ಬರೂ ನಗುತ್ತಿದ್ದರು. ದಿನವಿಡೀ ಊರಿಗೆಲ್ಲ ಮನೆ ತೋರಿಸಿ ಗಂಟಲು ಒಣಗಿಸಿಕೊಂಡು ಬಂದವಳು ಸಾಯಂಕಾಲ ಅತ್ತೆಗೆ ಕೆರೆ ತೋರಿಸುತ್ತಿದ್ದಳು. ನನಗಂತೂ ಸುಳ್ಳೇಕೆ, ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಅತ್ತೆ ಬದುಕಿದ್ದಾಗ ನಾವಿಬ್ಬರೂ ಒಂದೇ ಕಿಟಕಿಯ ಹತ್ತಿರ ನಿಂತದ್ದೇ ಇಲ್ಲ.

ಹೀಗಿರುವಾಗ ಮನೆಯ ಮಾಲೀಕರು ಪರವೂರಿನಿಂದ ಫೋನ್ ಮಾಡಿದರು. ಮನೆ ಮಾರುತ್ತಾರಂತೆ. "ಬೇರೆ ಬ್ರೋಕರ್ ಯಾಕಮ್ಮ? ನೀವೇ ಮಾರಿಕೊಡಿ. ನಿಮಗಿಂತ ಆ ಮನೆ ಗೊತ್ತಿರೋರು ಯಾರಿದ್ದಾರೆ?" ಎಂದರಂತೆ. ಒಳ್ಳೆಯ ಮನುಷ್ಯರು, ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಡಿಗೆಗಾಗಿ ಪೀಡಿಸಿದವರಲ್ಲ. ತಾನೇ ಕೊಳ್ಳೋಣವೆಂದರೆ ಅದು ಕೀಲಿಯಕ್ಕನ ಕೈಗೆ ಎಟುಕುವ ಮಾತಾಗಿರಲಿಲ್ಲ. ಆಗುವುದಿಲ್ಲ ಎಂದರೆ ಇನ್ನೊಬ್ಬ ಬ್ರೋಕರ್ ಮಾರುತ್ತಾನೆ. ಒಪ್ಪಿಕೊಂಡಳು.

"ನನಗೇನು, ಇನ್ನೊಂದು ಗೂಡು ಹುಡುಕ್ಕೋತೀನಿ" ಎಂದಳು ನನ್ನ ಹತ್ತಿರ ಬಂದು ಕೂತು. "ಅತ್ತೆ ಕಥೆ ಏನು ಹೇಳು. ಈ ಮನೇಲಿ ಅವರು ಕಣ್ಣಿರೋರ ಹಾಗೆ ಓಡಾಡ್ತಾರೆ. ಬೇರೆ ಮನೇಲಿ ಕೂರಿಸಿದ ಕಡೆ ಕೂರಬೇಕಾಗುತ್ತೆ. ಕಣ್ಣು ಇನ್ನೊಂದು ಸಲ ಹೋದ ಹಾಗೆ ತಾನೇ?" ನಾನು ಎದ್ದು ಒಲೆ ಹಚ್ಚಿದೆ. ಚಹಾ ಮಾಡಿಕೊಟ್ಟೆ.

ಮೊದಲು ಬಂದದ್ದು ಬ್ಯಾಂಕಿನ ಅಧಿಕಾರಿ ಮತ್ತು ಅವರ ಹೆಂಡತಿ. ಪರದೆಯ ಅಂದಾಜು ಹೇಳಲೆಂದು ಕೀಲಿಯಕ್ಕ ಎಂದಿನಂತೆ ನನ್ನನ್ನೂ ಕರೆದಳು. ಬಚ್ಚಲಿನಿಂದ ಶುರುಮಾಡಿದಳು. ಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಂಡು ಮುಚ್ಚುವುದೇ ಇಲ್ಲ ಎಂದಳು. ಅಡುಗೆಮನೆಯ ನಲ್ಲಿ ತೆಗೆದರೆ ಗುಂಯ್ ಎನ್ನುತ್ತದೆ ಎಂದು ತಿರುಗಿಸಿ ಕೇಳಿಸಿದಳು. ಹಿಂದಿನ ಮೆಟ್ಟಿಲು ವಾಲಿದ್ದು, ಕೆರೆಯ ತೇವಕ್ಕೆ ಗೋಡೆ ಬೆವರುವುದು, ಸಂಜೆಯ ಸೊಳ್ಳೆ, ಬೇಸಿಗೆಯ ನಾತ, ಒಂದನ್ನೂ ಬಿಡಲಿಲ್ಲ. ಬಿಡದಿರುವುದು ಅವಳ ಪದ್ಧತಿಯೇ. ಆದರೆ ಆ ದಿನ ಒಂದೊಂದರ ಮುಂದೆಯೂ ನಿಂತು ಪುರಾಣ ಬಿಚ್ಚಿದಳು. ಸೊಳ್ಳೆಯ ಕಥೆ ಮುಗಿಯುವಷ್ಟರಲ್ಲಿ ಆ ಹೆಂಗಸು ಮೈಯೆಲ್ಲ ಕೆರೆದುಕೊಳ್ಳತೊಡಗಿದ್ದಳು.

ಅಧಿಕಾರಿ ಗೋಡೆಯ ಗೆರೆಯ ಮೇಲೆ ಬೆರಳಿಟ್ಟು, "ಇದೇನಿದು ಕಲೆ? ಬಣ್ಣ ಹೊಡೆಸಿದ್ರೆ ಹೋಗುತ್ತಾ?" ಎಂದರು.

"ಹೋಗುತ್ತೆ" ಎಂದಳು ಕೀಲಿಯಕ್ಕ.

ಅವರು ಗಡಿಯಾರ ನೋಡಿಕೊಂಡು ಹೊರಟೇಹೋದರು. ಕೆರೆಯ ಕಿಟಕಿ ತೆರೆಯುವ ಪ್ರಸಂಗವೇ ಬರಲಿಲ್ಲ. ಆಮೇಲೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಅವರೂ ಗೋಡೆ ಬೆವರುವ ಕಥೆಯ ತನಕ ಬಂದು ಓಟ ಕಿತ್ತರು. ಆಮೇಲೆ ಬಂದವರದೂ ಅದೇ ಗತಿ. ಅವಳು ಹೇಳಿದ್ದರಲ್ಲಿ ಒಂದು ಎಳ್ಳಿನಷ್ಟೂ ಸುಳ್ಳಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಜಾಣತನ. ನನಗೂ ಒಳಗೊಳಗೇ ಖುಷಿ. ಪಕ್ಕದ ಮನೆ ಖಾಲಿಯಾಗುವುದು ನನಗೆಲ್ಲಿ ಬೇಕಿತ್ತು? "ನಾತದ ವಿಷಯ ಇನ್ನೂ ಸ್ವಲ್ಪ ಜೋರಾಗಿ ಹೇಳು" ಎಂದು ನಾನೇ ಕಿವಿಯೂದಿದೆ.

ಕುರ್ಚಿಯಲ್ಲಿ ಕೂತಿದ್ದ ಅತ್ತೆ ಮಾತ್ರ ನಗಲಿಲ್ಲ. ಅವರ ಕಣ್ಣು ಹೋಗಿತ್ತು, ಕಿವಿ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಒಬ್ಬಳು ಬಂದಳು. ನಾನೂ ಅಳತೆ ಟೇಪು ಹಿಡಿದು ಹೋದೆ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು, ಕಣ್ಣು ಕೆಂಪಗಿತ್ತು. ಇಡೀ ಬದುಕು ಹಾಸ್ಟೆಲ್ಲು, ಕ್ವಾರ್ಟರ್ಸುಗಳಲ್ಲೇ ಕಳೆಯಿತು, ಕಿಟಕಿ ತೆರೆದರೆ ಇನ್ನೊಬ್ಬರ ಒಗೆದ ಬಟ್ಟೆ ಕಾಣದ ಒಂದು ಮನೆ ಬೇಕು ಎಂದಳು. ಕೀಲಿಯಕ್ಕ ಬಚ್ಚಲಿನಿಂದ ಶುರುಮಾಡಿದಳು. ನರ್ಸ್ ಪಾಪ, ಆಕಳಿಸುತ್ತಲೇ ಎಲ್ಲವನ್ನೂ ಕೇಳಿದಳು. ನಾತದ ತನಕ ಬಂದಾಗ, "ಹಾಗಾದ್ರೆ ಬೇಡ ಬಿಡಿ ಅಕ್ಕ, ಇಷ್ಟೊಂದು ರಿಪೇರಿ ನನ್ನ ಕೈಲಾಗಲ್ಲ" ಎಂದು ಬಾಗಿಲ ಬಳಿ ಹೋಗಿ ಚಪ್ಪಲಿಗೆ ಕಾಲು ಹಾಕತೊಡಗಿದಳು.

"ತಾಳಮ್ಮ" ಎಂದರು ಅತ್ತೆ. "ನನ್ನ ಸೊಸೆ ಇನ್ನೂ ಮನೆ ತೋರಿಸಿ ಮುಗಿಸಿಲ್ಲ."

ಕುರ್ಚಿಯಿಂದ ಎದ್ದರು. ಅಂಗೈಯನ್ನು ಗೋಡೆಯ ಗೆರೆಗೆ ತಾಗಿಸಿಕೊಂಡು ಕಿಟಕಿಗೆ ಹೋದರು. ಅದರ ಚಿಲಕ ಸುಮ್ಮನೆ ಎಳೆದರೆ ಬರುವುದಿಲ್ಲ. ಕದವನ್ನು ತುಸು ಎತ್ತಿ ಹಿಡಿದು ಎಳೆಯಬೇಕು. ಅತ್ತೆ ಎತ್ತಿ ಹಿಡಿದು ಎಳೆದರು. ಎರಡೂ ಕದ ತೆರೆದುಕೊಂಡವು, ಇಡೀ ಕೆರೆ ಕೋಣೆಯೊಳಗೆ ಬಂತು.

ನರ್ಸ್ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ಬಂದು ನಿಂತಳು. ಆಮೇಲೆ ಪಕ್ಕಕ್ಕೆ ತಿರುಗಿ ಅತ್ತೆಯ ಕಣ್ಣನ್ನು ನೋಡಿದಳು, ಗೋಡೆಯ ಗೆರೆಯನ್ನು ನೋಡಿದಳು. ಅವಳಿಗೆ ಅರ್ಥವಾಯಿತೆಂದು ನನಗನಿಸಿತು. "ನಾನು ತಗೊಂಡ್ರೆ ನಿಮಗೆ ತೊಂದರೆಯಾಗುತ್ತಲ್ವಾ ಅಮ್ಮ?" ಎಂದಳು ಮೆಲ್ಲಗೆ.

"ಆಗುತ್ತೆ" ಎಂದರು ಅತ್ತೆ. "ಯಾರು ತಗೊಂಡ್ರೂ ಆಗುತ್ತೆ. ಕಿಟಕಿ ತೆಗೆದಿಡೋರು ತಗೊಂಡ್ರೆ ಸಂತೋಷವೂ ಆಗುತ್ತೆ."

ನರ್ಸ್ ಹೋದ ಮೇಲೆ ಕೀಲಿಯಕ್ಕ ಸಿಡಿದಳು. ಅತ್ತೆಯ ಮುಂದೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಯಾಕೆ ಹಾಗ್ಮಾಡಿದ್ರಿ? ನಾನು ಯಾರಿಗೋಸ್ಕರ ಇಷ್ಟೆಲ್ಲ ಒದ್ದಾಡ್ತಿದ್ದೀನಿ ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತು ಕಣೇ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ, ಅದು ನನ್ನ ತಪ್ಪು" ಎಂದರು ಅತ್ತೆ. "ನೀನು ಸುಳ್ಳು ಹೇಳ್ಲಿಲ್ಲ, ಒಪ್ತೀನಿ. ಅರ್ಧಕ್ಕೆ ನಿಲ್ಲಿಸಿದೆ. ಕೆರೆ ಕೊನೆಗೆ ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದೋಳು, ಆ ಕೊನೇನೇ ನುಂಗಿದೆ. ಮನೆ ಹೋದ್ರೆ ಇನ್ನೊಂದು ಸಿಗುತ್ತೆ. ನಿನ್ನ ಮಾತಿಗಿರೋ ಬೆಲೆ ಹೋದ್ರೆ ಎಲ್ಲಿಂದ ತರ್ತೀಯ? ನಾನು ಇಲ್ಲಿ ಓಡಾಡ್ಕೊಂಡಿರೋದಕ್ಕೆ ಅದನ್ನ ಕಳ್ಕೋಬೇಡ."

ಕೀಲಿಯಕ್ಕ ಅವರ ಮಡಿಲಲ್ಲಿ ಮುಖವಿಟ್ಟು ಅತ್ತಳು. ನಾನು ಅಳತೆ ಟೇಪು ಅಲ್ಲೇ ಬಿಟ್ಟು ನಮ್ಮ ಹಿತ್ತಿಲಿಗೆ ಬಂದು ಕಣ್ಣೀರು ಹಾಕಿದೆ.

ಮನೆ ನರ್ಸಿನ ಪಾಲಾಯಿತು. ಇವರಿಗೆ ಹಿಂದಿನ ಬೀದಿಯಲ್ಲಿ ನೆಲಮಟ್ಟದ ಚಿಕ್ಕ ಮನೆಯೊಂದು ಸಿಕ್ಕಿತು. ಸಾಮಾನು ಸಾಗಿಸಿದ ದಿನ ಸಂಜೆ ನಾನೂ ಹೋದೆ. ಕೋಣೆಯ ಒಂದೇ ಒಂದು ಕಿಟಕಿಗೆ ಎದುರು ಮನೆಯ ಪಾಚಿಗಟ್ಟಿದ ಗೋಡೆ ಅಡ್ಡ ನಿಂತಿತ್ತು. ಆ ದರಿದ್ರ ಗೋಡೆ ಕಾಣದಿರಲಿ, ಚೆಂದದ ಒಂದು ಪರದೆಯನ್ನು ನನ್ನ ಕಡೆಯಿಂದಲೇ ಹೊಲಿದು ಕೊಡೋಣ ಎಂದು ಅಳತೆ ತೆಗೆಯುತ್ತಿದ್ದೆ. ಆಗ ಕೀಲಿಯಕ್ಕ ಅತ್ತೆಯನ್ನು ಕೈಹಿಡಿದು ಕರೆತಂದಳು. ಗಿರಾಕಿಗೆ ತೋರಿಸುವ ಹಾಗೆಯೇ ತೋರಿಸಿದಳು.

"ಹೊಸ್ತಿಲು ಎತ್ತರ ಅತ್ತೆ, ಎಡವ್ತೀರಿ, ಕಾಲು ಎತ್ತಿಡಿ. ಇದು ಬಚ್ಚಲು. ನೆಲ ಜಾರುತ್ತೆ, ನಲ್ಲಿ ಉಲ್ಟಾ ತಿರುಗುತ್ತೆ. ಇಲ್ಲೊಂದು ಕಂಬ ಇದೆ, ಯಾವ ಪುಣ್ಯಾತ್ಮ ನಡುಮನೇಲಿ ಕಂಬ ಇಟ್ಟನೋ, ಕೈಯಿಟ್ಟು ನೋಡಿ. ಗೋಡೆಗೆ ಹೊಸ ಬಣ್ಣ, ಕೈಗೆ ಹತ್ಕೊಳ್ಳುತ್ತೆ."

ಅತ್ತೆ ಒಂದೊಂದನ್ನೂ ಮುಟ್ಟಿ ನೋಡಿದರು. ಕಂಬವನ್ನು ಎರಡು ಸಲ ಮುಟ್ಟಿದರು. "ಮುಗೀತಾ?"

"ಕೆಟ್ಟದ್ದು ಮುಗೀತು."

"ಹಾಗಾದ್ರೆ ಕೊನೇದು ತೋರಿಸು."

ಕೀಲಿಯಕ್ಕ ಅತ್ತೆಯನ್ನು ಕಿಟಕಿಯ ಹತ್ತಿರ ಕೂರಿಸಿದಳು. "ಕೊನೆಗೆ ತೋರಿಸೋಕೆ ಇಲ್ಲಿ ಏನೂ ಇಲ್ಲ ಅತ್ತೆ. ಈ ಮನೆಗೆ ಕೆರೆ ಇಲ್ಲ" ಎಂದಳು.

"ಅಯ್ಯೋ ಹುಚ್ಚೀ" ಎಂದು ಅತ್ತೆ ನಕ್ಕರು. "ಅಲ್ಲಿದ್ದಾಗಲಾದ್ರೂ ನಾನು ಕೆರೆ ನೋಡ್ತಿದ್ನಾ? ನೀನು ಬಂದು ಪಕ್ಕದಲ್ಲಿ ಕೂತು ಹೇಳ್ತಿದ್ದೆಯಲ್ಲ, ದಿನ ಪೂರ್ತಿ ನಾನು ಕಾಯ್ತಿದ್ದಿದ್ದು ಅದಕ್ಕೆ. ಕಿಟಕಿ ಇದೆ ತಾನೇ? ಬಾ, ಕೂತ್ಕೋ. ಇವತ್ತು ಏನೇ ಕಾಣುತ್ತೆ?"

ನೀರು, ದೋಣಿ, ಬಾತುಕೋಳಿ, ಏನಾದರೂ ಹೇಳಿಬಿಡು ಎಂದು ನಾನು ಕೈಸನ್ನೆ ಮಾಡಿದೆ. ಅವರಿಗೆ ಹೇಗೆ ಗೊತ್ತಾಗಬೇಕು? ಕೀಲಿಯಕ್ಕ ತಲೆಯಾಡಿಸಿ ಬೇಡ ಎಂದಳು. ಕಣ್ಣೊರೆಸಿಕೊಂಡು ಅತ್ತೆಯ ಪಕ್ಕ ಕೂತು ಕಿಟಕಿಯಾಚೆ ನೋಡಿದಳು.

"ಗೋಡೆ ಅತ್ತೆ. ಹಳೇ ಗೋಡೆ, ಪಾಚಿ ಹಿಡಿದಿದೆ. ಮೇಲೊಂದು ಬೆಕ್ಕು ಕೂತಿದೆ. ಕೆಳಗಡೆ ಇನ್ನೊಂದು ಬೆಕ್ಕು ಹತ್ತೋಕೆ ನೋಡ್ತಿದೆ, ಮೇಲಿಂದು ಬಿಡ್ತಾ ಇಲ್ಲ."

"ಯಾವುದರದ್ದು ತಪ್ಪು?"

"ಮೇಲೆ ಕೂತಿರೋದರದ್ದೇ."

"ಮತ್ತೆ!"

ಪರದೆ ಎಳೆದರೆ ಅವಳು ಹೇಳುವುದಾದರೂ ಏನನ್ನು? ನಾನು ಅಳತೆ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡೆ.