ಬೀರು ಬಣ್ಣದ ಹಡಗು

ನಮ್ಮಪ್ಪ ಕಬ್ಬಿಣದ ಬೀರುಗಳಿಗೆ ಮರದ ಬಣ್ಣ ಹೊಡೆಯುತ್ತಿದ್ದರು. ರಾಜಾಜಿನಗರದ ನಮ್ಮ ಮನೆಯ ಹಿಂದಿದ್ದ ಶೀಟಿನ ಷೆಡ್ಡೇ ಅವರ ಕಾರ್ಖಾನೆ. ಮೊದಲು ತಿಳಿ ಕಂದಿನ ಒಂದು ಕೋಟು. ಅದು ಒಣಗಿದ ಮೇಲೆ ಅಗಸೆ ಎಣ್ಣೆ ಬೆರೆಸಿದ ಕಡುಗಂದು. ಅದಿನ್ನೂ ಹಸಿಯಾಗಿರುವಾಗಲೇ ಹಲ್ಲು ಮುರಿದ ಬಾಚಣಿಗೆಯಿಂದ ಮೇಲಿಂದ ಕೆಳಕ್ಕೆ ಒಂದೇ ಎಳೆತ. ತಗಡಿನ ಮೇಲೆ ಬೀಟೆ ಮರದ ಎಳೆಗಳು ಮೂಡುತ್ತಿದ್ದವು. ಕೊನೆಗೆ ಎಲ್ಲಾದರೂ ಒಂದು ಕಡೆ ಹೆಬ್ಬೆರಳು ಒತ್ತಿ ಸ್ವಲ್ಪ ತಿರುಗಿಸಿದರೆ ಮರದ ಗಂಟು. ಅದೇ ಅವರ ರುಜು. ಗಂಟಿಲ್ಲದ ಮರವನ್ನು ನಂಬಬಾರದು ಎನ್ನುತ್ತಿದ್ದರು, ಕಬ್ಬಿಣವನ್ನೇ ಮರವೆಂದು ನಂಬಿಸುತ್ತಿದ್ದ ಮಹಾನುಭಾವರು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಪಿಯುಸಿ ಫೇಲಾಗಿ ಮನೆಯಲ್ಲಿದ್ದೆ, ನನಗೆ ಗಂಡು ಹುಡುಕುತ್ತಿದ್ದರು. ಸುಮ್ಮನೆ ಕೂರಲಾರದೆ ಷೆಡ್ಡಿಗೆ ಹೋಗಿ ಅಪ್ಪನ ಜೊತೆ ಬ್ರಷ್ ಹಿಡಿಯುತ್ತಿದ್ದೆ. ಸಣ್ಣ ಕೆಲಸದಲ್ಲಿ ನನ್ನ ಕೈ ಅವರ ಕೈಗಿಂತ ವಾಸಿ. ಅವರು ಅದನ್ನು ಬಾಯಿಬಿಟ್ಟು ಹೇಳಿದವರಲ್ಲ.

ಒಂದು ದಿನ ಬಸವೇಶ್ವರನಗರದಿಂದ ಒಬ್ಬ ಮುದುಕರು ರಟ್ಟಿನ ಪೆಟ್ಟಿಗೆ ಹೊತ್ತು ಬಂದರು. ಮಂಗಳೂರಿನವರು. ಹರೆಯದಲ್ಲಿ ಹೆಂಚು ಸಾಗಿಸುವ ಮಂಜಿಗಳಲ್ಲಿ, ಅಂದರೆ ಹಾಯಿಯ ಮರದ ಹಡಗುಗಳಲ್ಲಿ, ಓಡಾಡಿದವರು. ಈಗ ಮಗಳ ಮನೆಯಲ್ಲಿದ್ದರು. ಪೆಟ್ಟಿಗೆಯಲ್ಲಿ ಮೊಳದುದ್ದದ ಪ್ಲಾಸ್ಟಿಕ್ ಹಡಗು. ಫಾರಿನ್ನಿನಿಂದ ಅಳಿಯ ತಂದುಕೊಟ್ಟ ತುಂಡುಗಳನ್ನು ಅವರೇ ಅಂಟಿಸಿದ್ದರು. ಬಣ್ಣ ಹಚ್ಚೋಣವೆಂದರೆ ಕೈ ನಡುಕ.

"ನಮ್ಮ ಮಂಜಿಯ ಹಾಗೆ ಕಾಣ್ಬೇಕು ಮಾರಾಯ್ರೆ. ಮರ ಮರದ ಹಾಗೆ, ಹಾಯಿ ಹಾಯಿಯ ಹಾಗೆ."

ಅಪ್ಪ ಒಪ್ಪಿಕೊಂಡರು. ಅವರು ಸಮುದ್ರವನ್ನೇ ನೋಡಿದವರಲ್ಲ. ಒಮ್ಮೆಯಾದರೂ ನೋಡಬೇಕೆಂಬುದು ಅವರಿಗಿದ್ದ ಒಂದೇ ಆಸೆ. ಮದರಾಸಿಗೆ ಹೋಗಿಬಂದವರು ಸಿಕ್ಕರೆ, ನೀರು ಎಲ್ಲಿ ಮುಗಿಯುತ್ತೆ, ಆಚೆ ದಡ ಕಾಣುತ್ತಾ ಎಂದು ಪೀಡಿಸುತ್ತಿದ್ದರು. ಅಂಥವರ ಕೈಗೆ ಹಡಗು ಬಂದಿತ್ತು.

ಎರಡು ವಾರ ದುಡಿದೆವು. ಹಲಗೆಗಳಿಗೆ ಬೀಟೆಯ ಎಳೆ, ಮೇಲೆ ಮಿರಿಮಿರಿ ವಾರ್ನಿಷು. ಹಾಯಿಗೆ ಬಿಳಿ, ಅದಕ್ಕೊಂದು ತೊಟ್ಟು ನೀಲಿ, ಅಮ್ಮ ಪಂಚೆಗೆ ನೀಲಿ ಹಾಕುವ ಲೆಕ್ಕದಲ್ಲಿ. ಮುದುಕರು ಬಂದು ಕನ್ನಡಕ ಹಾಕಿ ನೋಡಿದರು.

"ಚಂದ ಉಂಟು. ಆದ್ರೆ ಇದು ಹಡಗಲ್ಲ, ಮದುವೆ ಬೀರು. ಉಪ್ಪು, ಬಿಸಿಲು ತಿಂದ ಮರ ಹೀಗೆ ಹೊಳೀತದಾ? ಕಡಲಲ್ಲಿ ಹಾಯಿಗೆ ಯಾರು ನೀಲಿ ಹಾಕ್ತಾರೆ?"

ಅಪ್ಪನಿಗೆ ಕೋಪ ಮೂಗಿನ ತುದಿಯಲ್ಲಿ. ಅವತ್ತು ಮಾತ್ರ ಮುಖ ಸಪ್ಪಗಾಯಿತು. "ನಾನು ನೋಡಿಲ್ಲ ಸಾರ್" ಎಂದರು. ಅವರು ಹಾಗೆ ಸೋತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮುದುಕರಿಗೂ ಕೆಡುಕೆನಿಸಿತೇನೋ. "ಇದು ಮುಗೀಲಿ, ನಾನೇ ಕರ್ಕೊಂಡು ಹೋಗಿ ಕಡಲು ತೋರಿಸ್ತೇನೆ" ಎಂದು ಮಾತು ಕೊಟ್ಟರು.

ಮರುದಿನ ಅಪ್ಪ ನನ್ನನ್ನು ಮಾರೇನಹಳ್ಳಿಗೆ ಕರೆದೊಯ್ದರು. ಅಲ್ಲೊಂದು ಮನೆಯ ಹಿಂದೆ ಮುರಿದ ಎತ್ತಿನ ಗಾಡಿ ವರ್ಷಗಳಿಂದ ಬಿಸಿಲಿಗೆ ಬಿದ್ದಿತ್ತು. ಅಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

ಮನೆಯವನು ಹೊರಗೆ ಬಂದ. "ಗಾಡಿ ತಗೊಳ್ತೀರಾ ಸ್ವಾಮಿ?"

"ಇಲ್ಲಪ್ಪ. ಬಣ್ಣ ನೋಡ್ತಾ ಇದೀನಿ."

"ಅದಕ್ಕೆಲ್ಲಿದೆ ಬಣ್ಣ?"

ಅವನು ಹೇಳಿದ್ದು ನಿಜವೇ. ಕಂದು ಹೋಗಿ ಬೂದು ಉಳಿದಿತ್ತು, ಬಿರುಕುಗಳ ಒಳಗೆ ಮಾತ್ರ ಕಪ್ಪು. ಮನೆಗೆ ಬಂದು ವಾರ್ನಿಷು ಉಜ್ಜಿ ತೆಗೆದು, ಹಲಗೆಗಳಿಗೆ ಬೂದು ಹಚ್ಚಿದೆವು. ಒಣಗಿದ ಮೇಲೆ ನೀರಾದ ಕಪ್ಪನ್ನು ಸಂದುಗಳಿಗೆ ಬಿಟ್ಟು ಬಟ್ಟೆಯಲ್ಲಿ ಒರೆಸಿದೆವು. ಎಳೆಗಳಿಗೆ ಬಾಚಣಿಗೆ ದೊಡ್ಡದಾಯಿತು. ಸವೆದ ಹಲ್ಲುಜ್ಜುವ ಬ್ರಷ್ಷಿನಲ್ಲಿ ನಾಲ್ಕೇ ಎಳೆ ಉಳಿಸಿಕೊಂಡು ನಾನೇ ಎಳೆದೆ. ಹಾಯಿಯ ಬಣ್ಣ ಸಿಕ್ಕಿದ್ದು ಅಡುಗೆಮನೆಯಲ್ಲಿ, ಡಿಕಾಕ್ಷನ್ ಸೋಸುವ ಬಟ್ಟೆಯಲ್ಲಿ. ಅಪ್ಪ ಅದನ್ನು ಹಿಡಿದು ಬಣ್ಣದಂಗಡಿಗೆ ಹೊರಟಾಗ ಅಮ್ಮ, "ಆ ಕರೆ ಬಟ್ಟೆ ಬೀದೀಲಿ ಹಿಡ್ಕೊಂಡು ಮನೆ ಮರ್ಯಾದೆ ತೆಗೀಬೇಡಿ" ಎಂದು ಗದರಿದರು. ಹಾಯಿಯ ಮಡಿಕೆಗಳ ತಗ್ಗಿಗೆ ಆ ಕಂದನ್ನು ತೆಳ್ಳಗೆ ಬಿಟ್ಟೆವು. ಗಾಳಿಗೆ ಉಬ್ಬಿದ ಭಾಗಕ್ಕೆ ಒಣ ಬ್ರಷ್ಷಿನಲ್ಲಿ ಬಿಳಿಯನ್ನು ಸವರಿಯೂ ಸವರದ ಹಾಗೆ ಸವರಿದೆವು. ಪ್ಲಾಸ್ಟಿಕ್ಕು ಬಟ್ಟೆಯಾಯಿತು.

ಉಳಿದದ್ದು ಗಂಟು. ಅಪ್ಪ ಹೆಬ್ಬೆರಳನ್ನು ಹಡಗಿನ ಪಕ್ಕಕ್ಕೆ ಹಿಡಿದು ನೋಡಿದರು. ಒತ್ತಿದರೆ ಮೂರು ಹಲಗೆ ಮುಚ್ಚಿಹೋಗುತ್ತಿತ್ತು.

"ನಿನ್ನ ಕಿರುಬೆರಳ ತುದಿ ಒತ್ತು. ಕೆಲಸ ನಿಂದೇ ಕಣೇ" ಎಂದರು.

ನಾನು ಒತ್ತಿದೆ. ಪರೀಕ್ಷೆ ಪಾಸಾಗಿದ್ದರೂ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ.

ಮುದುಕರು ಹಡಗನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಲಗೆ ಸವರಿದರು. ಆಮೇಲೆ ಹಾಯಿಯನ್ನು ಮೂಸಿ ನೋಡಿದರು. "ಇದೇ" ಎಂದರು. ಅಪ್ಪ ನನ್ನ ಕಡೆ ತಿರುಗಿ ನೋಡಿದರು.

ಶಿವರಾತ್ರಿ ಕಳೆದ ಮೇಲೆ ಮಂಗಳೂರಿಗೆ ಹೋಗುವುದೆಂದು ಮಾತಾಯಿತು. ಅಷ್ಟರಲ್ಲಿ ನನಗೆ ಗಂಡು ಗೊತ್ತಾಯಿತು. ನನಗೆ ಕೊಡಬೇಕಾದ ಬೀರು ಷೆಡ್ಡಿನಲ್ಲಿ ಬರೀ ತಗಡಾಗಿ ನಿಂತಿತ್ತು. ಮುದುಕರು ಕರೆಯಲು ಬಂದ ದಿನ ಅಪ್ಪ ಅದಕ್ಕೆ ಮೊದಲ ಕೋಟು ಹೊಡೆಯುತ್ತಿದ್ದರು.

"ನೀವು ಹೋಗ್ಬನ್ನಿ ಸಾರ್. ಸಮುದ್ರ ಎಲ್ಲಿ ಹೋಗುತ್ತೆ, ಇರುತ್ತೆ."

ಹೋಗಿ ಎಂದು ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ಬೀರು ಅಪ್ಪನ ಕೈಯಿಂದಲೇ ಆಗಲಿ ಎಂಬ ಸ್ವಾರ್ಥ ನನ್ನದು. ಮುದುಕರು ಊರಿಗೆ ಹೋದವರು ಅಲ್ಲೇ ಉಳಿದರು. ಅಪ್ಪನಿಗೆ ಒಂದು ವರ್ಷ ಕೆಲಸ, ಇನ್ನೊಂದು ವರ್ಷ ಕೆಮ್ಮು. ಸಮುದ್ರ ನೋಡದೆಯೇ ಹೋದರು.

ಅವರು ಹೋದ ಎಷ್ಟೋ ವರ್ಷಗಳ ಮೇಲೆ, ನೆಂಟರ ಮದುವೆಗೆಂದು ಮಂಗಳೂರಿಗೆ ಹೋದಾಗ, ಬಂದರಿನ ದಕ್ಕೆಯಲ್ಲಿ ದಡಕ್ಕೆಳೆದಿದ್ದ ಹಳೆಯ ಮಂಜಿಯೊಂದನ್ನು ಕಂಡೆ. ಹತ್ತಿರ ಹೋಗಿ ಹಲಗೆ ಮುಟ್ಟಿದೆ. ಬೂದು, ಬಿರುಕಿನೊಳಗೆ ಕಪ್ಪು. ಪಕ್ಕದಲ್ಲಿ ತೋರಿಸುವುದಕ್ಕೆ ಅವರಿರಲಿಲ್ಲ.

ಊರಿಗೆ ಬಂದವಳು ಬ್ಯಾಗನ್ನೂ ಬಿಚ್ಚದೆ ಬೀರುವಿನ ಮುಂದೆ ಹೋಗಿ ನಿಂತೆ. ಬಲ ಬಾಗಿಲಲ್ಲಿ, ನನ್ನ ಎದೆಯೆತ್ತರಕ್ಕೆ, ಅಪ್ಪನ ಹೆಬ್ಬೆರಳಿದೆ. ರೇಖೆಗಳೂ ಕಾಣುತ್ತವೆ. ಅದರ ಮೇಲೆ ನನ್ನ ಹೆಬ್ಬೆರಳಿಟ್ಟು ಹೇಳಿದೆ, "ಅದೇ ಬಣ್ಣ ಅಪ್ಪ. ನೋಡ್ಕೊಂಡು ಬಂದೆ."