ಫ್ಲಾರೆನ್ಸಿನಲ್ಲಿ ರೊಟ್ಟಿ ಬಡಿಯುವ ಯಮನಮ್ಮ

ರಾಯಚೂರಿನ ಸ್ಟೇಷನ್ ರಸ್ತೆ ಇನ್ನೂ ಪೂರ್ತಿ ಎದ್ದಿಲ್ಲ. ಖಾನಾವಳಿಯ ಹಿಂಬದಿಯ ತಗಡಿನ ಮಾಡಿನ ಕೆಳಗೆ ಮಾತ್ರ ರೊಟ್ಟಿ ಬಡಿಯುವ ಸದ್ದು ಶುರುವಾಗಿದೆ. ಯಮನಮ್ಮ ಎಸರಿನಲ್ಲಿ ಕಲಸಿದ ಜೋಳದ ಹಿಟ್ಟನ್ನು ನಾದಿ, ತಿರುಗಿಸಿ ತಿರುಗಿಸಿ ಬಡಿದು, ಹಂಚಿಗೆ ಹಾಕಿ ಒದ್ದೆ ಬಟ್ಟೆ ಸವರುತ್ತಾರೆ. ನಾನು ಕೂತ ಮಣೆಯ ಪಕ್ಕದಲ್ಲಿ ಎರಡು ದೊಡ್ಡ ಸೂಟ್‌ಕೇಸ್‌ಗಳು. ಒಂದರ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಇನ್ನೊಂದರಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಕಬ್ಬಿಣದ ಹಂಚು. ಮುಂದಿನ ವಾರ ಈ ಹಂಚು ಹೈದರಾಬಾದಿನಲ್ಲಿ ವಿಮಾನ ಹತ್ತಿ ಇಟಲಿಗೆ ಹೋಗುತ್ತದೆ. ಯಮನಮ್ಮನೂ ಹೋಗುತ್ತಾರೆ.

ರಾಯಚೂರು, ಮಾನ್ವಿ, ದೇವದುರ್ಗದ ಅಕ್ಕಿ ಗಿರಣಿ ಮಾಲೀಕರು, ಹತ್ತಿ ವ್ಯಾಪಾರಿಗಳು, ನಿವೃತ್ತ ಮೇಷ್ಟ್ರುಗಳು ಸೇರಿ ಬೇಸಿಗೆಯಲ್ಲಿ ಇಟಲಿ ನೋಡಲು ಹೋಗುವುದು ಕೆಲವು ವರ್ಷಗಳಿಂದ ನಡೆದಿದೆ. ರೋಮ್, ಫ್ಲಾರೆನ್ಸ್, ವೆನಿಸ್‌ನ ಹಳೆಯ ಚರ್ಚುಗಳು, ಚಿತ್ರಶಾಲೆಗಳು. ಜೊತೆಗೆ ಆ ನಾಡಿನ ಊಟದ ಪರಿಚಯ: ಒಂದು ದಿನ ಪಾಸ್ತಾ ಮಾಡುವ ಪಾಠ, ಒಂದು ದಿನ ಆಲಿವ್ ಎಣ್ಣೆಯ ಗಾಣ, ಒಂದು ದಿನ ಚೀಸ್ ಮಾಡುವ ಮನೆ. ಎಲ್ಲರೂ ಖುಷಿಯಿಂದ ರುಚಿ ನೋಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಎರಡು ದಿನ ಕಳೆಯುವುದರೊಳಗೆ ರೊಟ್ಟಿ ಬೇಕೆನಿಸುತ್ತದೆ.

“ಹಗಲೆಲ್ಲ ಅವರ ಊಟ, ಸಂಜಿಗೆ ನನ್ನ ಊಟ,” ಎನ್ನುತ್ತಾರೆ ಯಮನಮ್ಮ. “ಪುಂಡಿಪಲ್ಯ ಅಲ್ಲಿ ಸಿಗಂಗಿಲ್ರಿ. ಒಣಗಿಸಿದ್ದು ಒಯ್ತೀನಿ. ಮೊದಲನೇ ವರ್ಷ ಒಗ್ಗರಣಿ ಕೊಟ್ಟೆ, ಘಾಟಿಗೆ ಬೆಂಕಿ ಗಂಟಿ ಹೊಡೀತು. ಲಾಡ್ಜಿನ ಮಂದಿ ಎಲ್ಲಾ ಕೆಳಗ ಓಡಿದ್ರು. ನಾನೂ ಓಡಿದೆ, ಯಾಕ ಓಡಾಕತ್ತಾರ ಅಂತ ತಿಳೀಲಿಲ್ಲ.”

ನಾಲ್ಕು ಸಲ ಇಟಲಿಗೆ ಹೋಗಿ ಬಂದವರನ್ನು ರೋಮ್ ಹೇಗಿದೆ ಎಂದು ಕೇಳಿದರೆ ಸ್ವಲ್ಪ ಯೋಚಿಸುತ್ತಾರೆ. “ಬಸ್ಸಿನ ಕಿಟಕ್ಯಾಗ ನೋಡೀನ್ರಿ. ಮುರಿದ ಗ್ವಾಡಿ ಭಾಳ ಅದಾವ.” ತಂಡ ಊರು ನೋಡಲು ಹೋದಾಗ ಅವರು ಬಾಡಿಗೆ ಅಡುಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಾ ಇರುತ್ತಾರೆ. ಸುತ್ತ ಕನ್ನಡ ಮಾತಾಡುವ ಒಬ್ಬರೂ ಇಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ.

ಒಂಟಿತನ ಅವರಿಗೆ ಹೊಸದಲ್ಲ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಮಾನ್ವಿಗೆ ಹೋದರು. ಗಂಡ ಇನ್ನೊಬ್ಬಳನ್ನು ಕರೆತಂದಾಗ ಉಟ್ಟ ಬಟ್ಟೆಯಲ್ಲೇ ರಾಯಚೂರಿನ ಬಸ್ಸು ಹತ್ತಿದರು. ಮಕ್ಕಳಿಲ್ಲ. ಈ ಖಾನಾವಳಿಯ ಒಡತಿ ರಂಜಾನಬಿ ಆಗ ಕೆಲಸ ಕೊಟ್ಟರು, ಮಲಗಲು ಮೇಲಿನ ಕೋಣೆ ಕೊಟ್ಟರು. ಇಲ್ಲಿ ರೊಟ್ಟಿ ತಿಂದ ಪ್ರವಾಸ ವ್ಯವಸ್ಥಾಪಕ ಬಸವಪ್ರಸಾದ ಒಂದು ದಿನ ಒಳಗೆ ಬಂದು, “ಪಾಸ್‌ಪೋರ್ಟ್ ಮಾಡಿಸ್ತೀರೇನು?” ಎಂದು ಕೇಳಿದರು.

ಅದರ ಜೊತೆಗೇ ಬಸವಪ್ರಸಾದ ಇನ್ನೊಂದು ಮಾತನ್ನೂ ಸೇರಿಸಿದ್ದರು. “ಹಿರಿಯರು ಇರ್ತಾರ. ಯಾವ ಜಾತಿ, ಯಾವ ಪೈಕಿ ಅಂತ ಯಾರರ ಕೇಳಿದ್ರ ‘ನಿಮ್ಮ ಪೈಕೀನ’ ಅಂದುಬಿಡ್ರಿ. ಯಾಕ ಸುಮ್ನ ತಕರಾರು.”

ಮೂರು ವರ್ಷ ಯಾರೂ ಕೇಳಲಿಲ್ಲ. ಹೋದ ವರ್ಷ, ರೋಮ್‌ನ ಮೊದಲ ಸಂಜೆಯೇ ಗುರುಶಾಂತಮ್ಮ ಕೇಳಿದರು. ರಾಯಚೂರಿನ ಗಿರಣಿ ಮನೆತನದ ಹಿರಿಯ ಜೀವ, ಪೂಜೆ ಮುಗಿಯದೆ ನೀರು ಮುಟ್ಟದವರು. ಜೊತೆಗೆ ಬರಬೇಕಿದ್ದ ಮಗಳು ಶೈಲಶ್ರೀಗೆ ಕೊನೆ ಗಳಿಗೆಯಲ್ಲಿ ರಜೆ ಸಿಗದೆ, ತಂಡದಲ್ಲಿ ಒಬ್ಬರೇ ಆಗಿದ್ದರು.

“ನಾವು ಬೌದ್ಧರ್ರಿ ಅವ್ವಾರ. ಬಾಬಾಸಾಹೇಬರ ಮಂದಿ,” ಎಂದರು ಯಮನಮ್ಮ.

ಗುರುಶಾಂತಮ್ಮ ತಟ್ಟೆ ಸರಿಸಿ ಎದ್ದರು. ಅಂದಿನಿಂದ ಬಾಳೆಹಣ್ಣು, ಬ್ರೆಡ್ಡು, ಮನೆಯಿಂದ ತಂದ ಅವಲಕ್ಕಿ. ತಂಡದವರು ವಯಸ್ಸಾದವರ ಪಥ್ಯವೆಂದುಕೊಂಡರು. ಬಸವಪ್ರಸಾದರಿಗೆ ಮಾತ್ರ ಗೊತ್ತಾಯಿತು. “ನಾ ಹೇಳಿದಂಗ ಹೇಳಿದ್ರ ಮುಗೀತಿತ್ತು. ಇವರು ಕಂಪನಿಗೆ ದೂರು ಕೊಟ್ರ ಮುಂದಿನ ವರ್ಷ ನಿಮ್ಮನ್ನ ಕರಕೊಂಡು ಬರಾಕ ನನಗ ಆಗಂಗಿಲ್ಲ,” ಎಂದರು. ಯಮನಮ್ಮ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡರು.

ಫ್ಲಾರೆನ್ಸಿಗೆ ಬರುವಷ್ಟರಲ್ಲಿ ಗುರುಶಾಂತಮ್ಮನಿಗೆ ತಲೆ ಸುತ್ತತೊಡಗಿತ್ತು. ತಂಡವೆಲ್ಲ ಊರಾಚೆಯ ತೋಟದ ಮನೆಗೆ ಪಾಸ್ತಾ ಕಲಿಯಲು ಹೋದ ದಿನ ಅವರು ವಸತಿಯಲ್ಲೇ ಉಳಿದರು. ಇಡೀ ಕಟ್ಟಡದಲ್ಲಿ ಕನ್ನಡ ಬಲ್ಲವರು ಇಬ್ಬರೇ. ಮೇಲಿನ ಕೋಣೆಯಲ್ಲಿ ಅವರು, ಕೆಳಗಿನ ಅಡುಗೆಮನೆಯಲ್ಲಿ ಇವರು.

ಯಮನಮ್ಮ ಮೆಟ್ಟಿಲು ಹತ್ತಿ ಬಾಗಿಲ ಹೊರಗೆ ನಿಂತರು. “ಅವ್ವಾರ, ಹಿಟ್ಟು ಅದ, ಹಂಚು ತೊಳದಿಟ್ಟೀನಿ. ನೀವ ಮಾಡ್ಕೊಳ್ರಿ. ನಾನು ಹೊರಗ ಕುಂಡ್ರತೀನಿ.”

ಗುರುಶಾಂತಮ್ಮ ಗೋಡೆ ಹಿಡಿದು ಇಳಿದರು. ಯಮನಮ್ಮ ಅಂಗಳದ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದರು. ಒಳಗೆ ಬಡಿಯುವ ಸದ್ದು ಎರಡು ಸಲ ಬಂತು, ನಿಂತಿತು. ಮತ್ತೆ ಬಂತು, ನಿಂತಿತು. ಬಡಿದಂತೆಲ್ಲ ರೊಟ್ಟಿ ಹರಿಯುತ್ತಿತ್ತು. ಸೀದ ವಾಸನೆ ಹೊರಗೆ ಬಂದರೂ ಯಮನಮ್ಮ ಏಳಲಿಲ್ಲ.

“ಯಾಕ ಏಳಲಿಲ್ಲ?” ಎಂದು ನಾನು ಕೇಳುತ್ತೇನೆ.

“ಕರೀಲಾರದ ಹೆಂಗ ಹೋಗ್ಲಿ? ಸಿಟ್ಟೂ ಇತ್ರಿ. ಸಂಕಟಾನೂ ಆಗಾಕತ್ತಿತ್ತು. ಎರಡೂ ಕೂಡಿ ಅಲ್ಲೇ ಕೂಡಿಸಿದ್ವು.”

ಬಹಳ ಹೊತ್ತಿನ ಮೇಲೆ ಗುರುಶಾಂತಮ್ಮ ಬಾಗಿಲಿಗೆ ಬಂದರು. ಮೊಣಕೈತನಕ ಹಿಟ್ಟು. “ಬಾರವ್ವ,” ಎಂದರು. “ನನ್ನ ಕೈಯಾಗ ಆಗವಲ್ದು.”

ಯಮನಮ್ಮ ರೊಟ್ಟಿ ಬಡಿದರು. ಗುರುಶಾಂತಮ್ಮ ಮೊದಲ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು. ಎರಡನೆಯ ರೊಟ್ಟಿಗೆ ಹಿಂಡಿ ಕೇಳಿದರು. ಮೂರನೆಯದನ್ನು ಅರ್ಧ ಮುರಿದು ಯಮನಮ್ಮನತ್ತ ಚಾಚಿ, “ನೀನೂ ತಿನ್ನು. ಒಬ್ಬಾಕೆ ಉಂಡು ಉಂಡು ಸಾಕಾಗೇದ,” ಎಂದರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವರ ಊಟ ಅವರ ಕೋಣೆಗೇ ಬರುತ್ತದಂತೆ.

ಅಂದು ಸಂಜೆ ಗುರುಶಾಂತಮ್ಮ ಎಲ್ಲರ ನಡುವೆ ಕೂತು ಉಂಡರು. ದೂರು ಹೋಗಲಿಲ್ಲ. ವೆನಿಸ್‌ನಲ್ಲಿ ಯಮನಮ್ಮನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಫೋನ್ ನಂಬರ್ ಬರೆಸಿಕೊಂಡರು. ಹೈದರಾಬಾದಿಗೆ ಇಳಿದಾಗ ಶೈಲಶ್ರೀ ಕಾರು ತಂದಿದ್ದರು. ಗುರುಶಾಂತಮ್ಮ ಹತ್ತಿ ಕೂತರು. ಹೊರಗೆ ನಿಂತ ಯಮನಮ್ಮನಿಗಾಗಿ ಕಿಟಕಿಯ ಗಾಜು ಇಳಿಯಲಿಲ್ಲ.

ಆ ಫೋನು ಇಂದಿನವರೆಗೆ ಬಂದಿಲ್ಲ. ಒಮ್ಮೆ ಬಟ್ಟೆ ಬಜಾರಿನಲ್ಲಿ ಇಬ್ಬರೂ ಎದುರಾದರು. ಗುರುಶಾಂತಮ್ಮನ ಜೊತೆ ಮನೆಯವರಿದ್ದರು. ಕಣ್ಣು ಕೂಡಿತು, ಅವರು ಮುಂದೆ ನಡೆದರು.

“ಬ್ಯಾಸರ ಆತ್ರಿ,” ಎನ್ನುತ್ತಾರೆ ಯಮನಮ್ಮ. “ಆದ್ರ ಆ ಹೊತ್ತಿನ್ಯಾಗ ಆಕಿ ರೊಟ್ಟಿ ಮುರಿದು ಕೊಟ್ಟದ್ದು ಸುಳ್ಳಲ್ಲ. ನಾ ಹೇಳಿದ್ದೂ ಸುಳ್ಳಲ್ಲ. ಈಗ ಯಾರರ ಕೇಳಿದ್ರೂ ಹಂಗ ಹೇಳ್ತೀನಿ. ಬಸವಪ್ರಸಾದ ಸರ್ ಆ ಮಾತು ಮತ್ತ ಎತ್ತಿಲ್ಲ.”

ಖಾನಾವಳಿಯ ಮುಂದೆ ಮೊದಲ ಗಿರಾಕಿಗಳು ಬಂದಿದ್ದಾರೆ. ಈ ಸಲದ ಪ್ರವಾಸಕ್ಕೆ ಯಮನಮ್ಮನದೊಂದು ಕೋರಿಕೆಯಿದೆ. ಫ್ಲಾರೆನ್ಸಿನಲ್ಲಿ ಒಂದು ಮಧ್ಯಾಹ್ನ ಬಿಡುವು ಕೇಳಿದ್ದಾರೆ. ವ್ಯವಸ್ಥಾಪಕರು ನೋಡೋಣ ಎಂದಿದ್ದಾರೆ.

“ಊರ ನಡುವ ಹೊಳಿ ಹರೀತದ್ರಿ. ಸೇತುವಿ ಮ್ಯಾಲ ಮಂದಿ ಸುಮ್ನ ಕೂತಿರ್ತಾರ. ನಾನೂ ಹೋಗಿ ಕೂಡಬೇಕು.” ಸ್ವಲ್ಪ ತಡೆದು ಹೇಳುತ್ತಾರೆ: “ಆವಾಗ ಕೈಗೆ ಹಿಟ್ಟು ಹತ್ತಿರಬಾರದು.”