ನೀರಿನಲ್ಲಿ ತಲೆಯಾಡಿಸಿದ ಮೊಟ್ಟೆ

ಇವತ್ತು ರಾಬರ್ಟ್‌ಸನ್‌ಪೇಟೆಯಲ್ಲಿ ಬುಟ್ಟಿ ತುಂಬ ಕೋಳಿಮರಿ ಮಾರುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸಿನಲ್ಲೇ ಬೇತಮಂಗಲದ ಹತ್ತಿರದ ನಮ್ಮ ಹಳ್ಳಿಮನೆಗೆ ಹೋಗಿಬಿಟ್ಟೆ.

ನಾನಾಗ ನಾಲ್ಕನೇ ಕ್ಲಾಸು. ತಿನ್ನುವುದು, ಉಸಿರಾಡುವುದು, ಬೆಳೆಯುವುದು, ಅಲ್ಲಾಡುವುದು, ಮರಿ ಮಾಡುವುದು, ಇವೆಲ್ಲ ಜೀವಿಗಳ ಲಕ್ಷಣ ಎಂದು ಟೀಚರ್ ಹೇಳಿಕೊಟ್ಟಿದ್ದರು. ಕ್ಲಾಸಿನಲ್ಲಿ ಬರೆದ ಪಟ್ಟಿಯಲ್ಲಿ ನಾನು ಮೊಟ್ಟೆಯನ್ನು ಕಲ್ಲಿನ ಜೊತೆ ನಿರ್ಜೀವಿಗಳ ಸಾಲಿಗೆ ಸೇರಿಸಿದ್ದೆ.

ಅದೇ ವಾರ ನಮ್ಮ ಕೋಳಿ ಕಾವಿನಿಂದೆದ್ದು, ಹತ್ತು ಮರಿಗಳ ಜೊತೆ ಅಂಗಳಕ್ಕೆ ಹೋಯಿತು. ಬುಟ್ಟಿಯಲ್ಲಿ ಒಂದು ಮೊಟ್ಟೆ ಉಳಿಯಿತು.

"ಅತ್ತೆ, ಇದು ಕೆಟ್ಟೋಗೈತೆ. ತಿಪ್ಪೆಗೆ ಆಕ್ಬಿಡ್ತೀನಿ" ಎಂದಳು ಅಮ್ಮ.

"ತಾಳಮ್ಮ, ಅದನ್ನೇ ಒಂದ್ಮಾತು ಕೇಳ್ತೀನಿ" ಎಂದಳು ಅಜ್ಜಿ.

ಅಜ್ಜಿ ಬೋಸಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ಮೊಟ್ಟೆಯನ್ನು ತೇಲಿಬಿಟ್ಟಳು. ತನ್ನ ಉಸಿರು ನೀರಿಗೆ ತಾಕಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡು ಕೂತಳು. ನಾನೂ ಉಸಿರು ಬಿಗಿಹಿಡಿದೆ. ನೀರು ಪೂರ್ತಿ ನಿಂತ ಮೇಲೆ, ಮೊಟ್ಟೆ ತಾನಾಗಿಯೇ ಒಮ್ಮೆ ತಲೆಯಾಡಿಸಿತು.

"ಅಜ್ಜಿ, ಅದು ಏನೂ ತಿಂದಿಲ್ಲ, ಉಸಿರೂ ಆಡ್ತಿಲ್ಲ. ಎಂಗೆ ಅಲ್ಲಾಡ್ತು?"

"ಒಳಗೇ ಎಲ್ಲಾ ಮಾಡ್ತೈತೆ ಕಣೇ. ನಮಗೆ ಕಾಣ್ಸಲ್ಲ, ಅಷ್ಟೇ."

ಅದನ್ನು ಒರೆಸಿ, ಬಟ್ಟೆ ಸುತ್ತಿ, ಒಲೆಯ ಪಕ್ಕದ ಬಿಸುಪಿನಲ್ಲಿಟ್ಟಳು. ಮಾರನೇ ಬೆಳಿಗ್ಗೆ ಚಿಪ್ಪು ಬಿರಿದು ಒದ್ದೆ ಮರಿಯೊಂದು ಹೊರಬಂತು.

ಶಾಲೆಗೆ ಓಡಿಹೋಗಿ ಮೊಟ್ಟೆಯ ಸಾಲು ಬದಲಿಸಿದೆ. ಟೀಚರ್ ನನ್ನ ಕಥೆಯನ್ನೆಲ್ಲ ಕೇಳಿ ನಕ್ಕು, "ಹಾಗಾದರೆ ರಾಗಿಕಾಳು ಯಾವ ಸಾಲಿಗೆ?" ಎಂದರು.

ಈಗಲೂ ಅಂಗಡಿಯಿಂದ ಹೊಸ ಕಾಳು ತಂದರೆ, ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ತಿನ್ನುವುದಕ್ಕಲ್ಲ, ಸುಮ್ಮನೆ ಕೇಳಿನೋಡುವುದಕ್ಕೆ.